ಬಂದ ಲಕೋಟೆಗಳೆಲ್ಲವೂ

ಈ ಕತೆ ಹೇಳಲು ಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದು ಕಾನೂನು ಬಲ್ಲವರು ಹೇಳಬೇಕಾದದ್ದು; ನನಗೆ ಗೊತ್ತಿರುವ ಕಾನೂನು ಸಂಜೆಶಾಲೆಯ ಎರಡು ವರ್ಷಗಳಲ್ಲಿ ಕಿವಿಗೆ ಬಿದ್ದಷ್ಟೇ. ಬದುಕಿರುವ ಹೆಂಗಸೊಬ್ಬಳ ಮನಸ್ಸಿನೊಳಗೆ ಹೊಕ್ಕು ಬಂದವರ ಹಾಗೆ ಬರೆಯುವುದು ಸರಿಯೇ ಎಂಬುದೂ ನನಗೆ ತಿಳಿಯದು. ಡೆಲ್ಮಿರಾ ಆಯಾಲಾ ಹೇಳಿದ್ದನ್ನೂ, ಹೇಳದೆ ಬರಿದೇ ಕೈ ಹಿಸುಕಿಕೊಂಡು ಕೂತದ್ದನ್ನೂ ಸೇರಿಸಿ ಇಲ್ಲಿಟ್ಟಿದ್ದೇನೆ. ತಪ್ಪಿದ್ದರೆ ತಪ್ಪು ನನ್ನದು.

ಗುರುವಾರ ಬೆಳಿಗ್ಗೆ ಡೆಲ್ಮಿರಾ ಕೆಟಲಿನ ನೀರನ್ನು ಕುದಿಯಲು ಬಿಟ್ಟುಬಿಟ್ಟಳು. ಮಾಟೆಗೆ, ಎಂದರೆ ಚಹಾದ ಹಾಗೆ ಕುಡಿಯುವ ಯೆರ್ಬಾ ಎಲೆಗೆ, ಕುದಿದ ನೀರು ಹಾಕಿದರೆ ಎಲೆ ಸುಟ್ಟು ಕಹಿಯಾಗುತ್ತದೆ, ಕೊಂಕೋರ್ದಿಯಾ ಊರಿನಲ್ಲಿ ಅದು ಏಳು ವರ್ಷದ ಮಗುವಿಗೂ ಗೊತ್ತು. ನೀರು ಚೆಲ್ಲಿ ಮತ್ತೆ ಇಟ್ಟಳು, ಅದೂ ಕುದಿಯಿತು. ಮೂರನೆಯ ಸಲ ಇಡುವ ಧೈರ್ಯವಾಗಲಿಲ್ಲ. ಇಷ್ಟು ಸಣ್ಣದರಲ್ಲಿ ಎರಡು ಸಲ ತಪ್ಪಿದವಳು ಹತ್ತು ಗಂಟೆಗೆ ಏನು ಮಾಡಿಯಾಳು ಎಂದುಕೊಂಡಳು. ಎದುರಿನ ಕುರ್ಚಿಯ ಮೇಲೆ ಅವಳ ಕಂದು ಕೈಚೀಲ ಯಾರೋ ಅತಿಥಿ ಬಂದು ಕೂತ ಹಾಗೆ ಕೂತಿತ್ತು. ಅದರೊಳಗೆ ನಾಲ್ಕು ಮಡಿಕೆಯಾದ ಒಂದು ಕಾಗದ. ಕಾಗದದಿಂದ ಉಗುರುಬಣ್ಣದ ವಾಸನೆ ಹೊರಟು ಅಡುಗೆಮನೆಯೆಲ್ಲ ತುಂಬಿದೆ ಎಂದು ಅವಳಿಗೆ ಅನಿಸುತ್ತಿತ್ತು. ಐದು ತಿಂಗಳ ಹಿಂದೆ ಒಣಗಿದ ಬಣ್ಣಕ್ಕೆ ವಾಸನೆ ಇರಲಾರದು. ಅದು ಗೊತ್ತಿದ್ದೂ ಕಿಟಕಿ ತೆರೆದಳು. ಆಗಸ್ಟಿನ ಚಳಿಗಾಲದ ಗಾಳಿ, ಅದರ ಜೊತೆ ಹಣ್ಣಿನ ರಸ ತೆಗೆಯುವ ಕಾರ್ಖಾನೆಯಿಂದ ಕಿತ್ತಳೆ ಸಿಪ್ಪೆಯ ಒಗರು ವಾಸನೆ ಒಳಗೆ ಬಂತು. ಕೈಚೀಲದ ವಾಸನೆ ಮಾತ್ರ ಹಾಗೇ ಇತ್ತು.

ಪುರಸಭೆಯಿಂದ ಬಂದ ನೋಟೀಸಿನಲ್ಲಿ ಹೆದರಿಸುವಂಥ ಒಂದು ಪದವೂ ಇರಲಿಲ್ಲ. ಪುರಸಭೆಯ ಎರಡನೇ ಮಹಡಿ, ಗ್ರಾಹಕ ರಕ್ಷಣಾ ಕಚೇರಿ, ಹತ್ತು ಗಂಟೆ, ‘ಮಾಹಿತಿ ನೀಡುವ ಸಲುವಾಗಿ’. ಅಷ್ಟೇ. ಡೆಲ್ಮಿರಾ ಹದಿನಾರು ವರ್ಷದಿಂದ ನೋಟರಿಯ ಕಚೇರಿಯಲ್ಲಿದ್ದವಳು. ಇಂಥ ಕಾಗದಗಳನ್ನು ತಾನೇ ಸಾವಿರ ಸಲ ಟೈಪು ಮಾಡಿದ್ದಳು, ಮೆತ್ತಗಿನ ಪದಗಳನ್ನು ಎಲ್ಲಿ ಹಾಕುತ್ತಾರೆ ಎಂದು ಬಲ್ಲವಳು. ಆದ್ದರಿಂದಲೇ ಆ ಮೆತ್ತಗಿನ ಪದ ಅವಳ ಎದೆಯ ಮೇಲೆ ಕೂತಿತ್ತು. ಯಾರಿಗೂ ಅನುಮಾನವಿಲ್ಲ. ಅನುಮಾನ ಪಡಬೇಕಾದ ವಿಷಯ ಒಂದಿದೆ ಎಂಬುದೇ ಯಾರಿಗೂ ಗೊತ್ತಿಲ್ಲ. ಗೊತ್ತಿರುವವಳು ಅವಳೊಬ್ಬಳು.

ಮೂಲೆಯ ಅಂಗಡಿಯ ಹಿಲಾರಿಯೊ ಬಾಗಿಲ ಮುಂದೆ ಅಗ್ಗಿಷ್ಟಿಕೆ ಹಚ್ಚಿಕೊಂಡು ಕೈ ಕಾಯಿಸುತ್ತಿದ್ದ. ಅವಳನ್ನು ಕಂಡವನೇ ಕರೆದ. “ಏನ್ ಡೆಲ್ಮಿರಾ, ಬೆಳಿಗ್ಗೆ ಬೆಳಿಗ್ಗೆ ಭಾನುವಾರದ ಕೋಟು ಹಾಕಿದೀಯಾ. ಯಾರದಾದ್ರೂ ಮದ್ವೆನಾ?”

“ಕೆಲಸ ಇದೆ,” ಎಂದಳು.

“ಗೊತ್ತು ಬಿಡು, ಪೊಲೊನಿಯಾ ಮುದುಕಿ ಕೇಸಲ್ವಾ. ನಾನು ಅವತ್ತೇ ಬಡ್ಕೊಂಡೆ ಅವಳ ಹತ್ರ, ಯೆರ್ಬಾ ಪ್ಯಾಕೆಟ್ಟೇ ಕೊಳ್ಳದೆ ಬಹುಮಾನ ಎಲ್ಲಿಂದ ಬರುತ್ತೆ ಅಂತ. ಹಕ್ಕಿ ಚಿತ್ರ ಬರೆದು ಕಳಿಸ್ತಾಳಂತೆ. ಮನೆ ಕೊಡ್ತಾರಂತೆ. ಹಾಗಿದ್ರೆ ನಾನೂ ಒಂದು ಹಸು ಬರೀತೀನಿ, ಹಾಲು ಕೊಡ್ತಾರಾ?” ಅವನು ನಕ್ಕ. ಅವಳೂ ನಕ್ಕಳು. ನಕ್ಕ ಮೇಲೆ, ಈಗ ನಕ್ಕದ್ದನ್ನೂ ತನ್ನ ಲೆಕ್ಕಕ್ಕೇ ಬರೆದುಕೊಳ್ಳಬೇಕು ಎನಿಸಿ ಬೇಗ ಬೇಗ ನಡೆದಳು.

ಹಿಲಾರಿಯೊ ಹೇಳಿದ್ದು ಸುಳ್ಳು. ಏನನ್ನೂ ಕೊಳ್ಳದೆಯೂ ಬಹುಮಾನದ ಸ್ಪರ್ಧೆಗೆ ಸೇರಬಹುದು; ಕೊಂಡರೆ ಮಾತ್ರ ಬಹುಮಾನ ಎನ್ನುವಂತಿಲ್ಲ, ಅದು ದೇಶದ ಕಾನೂನು. ಅದಕ್ಕೇ ಎಲ್ಲ ಪ್ಯಾಕೆಟ್ಟುಗಳ ಬೆನ್ನ ಮೇಲೂ ಇರುವೆ ಕಾಲಿನಂಥ ಅಕ್ಷರಗಳಲ್ಲಿ ಒಂದು ಸಾಲು ಇರುತ್ತದೆ: ಪ್ಯಾಕೆಟ್ಟಿನ ಮುಖದ ಬದಲಿಗೆ, ಅದನ್ನು ಕೈಯಲ್ಲಿ ಸರಳವಾಗಿ ಬಿಡಿಸಿ ಬಣ್ಣ ಹಚ್ಚಿದ ಚಿತ್ರ ಕಳಿಸಿದರೂ ಆಗುತ್ತದೆ. ಈ ಯೆರ್ಬಾ ಪ್ಯಾಕೆಟ್ಟಿನ ಮುಖದಲ್ಲಿದ್ದದ್ದು ಕೆಂಪು ಜುಟ್ಟಿನ ಹಕ್ಕಿ. ಹತ್ತು ಲಕೋಟೆ ಕಳಿಸಲು ಬೇಕಾದ ಹತ್ತು ಪ್ಯಾಕೆಟ್ ಕುಡಿದು ಮುಗಿಸಲು ಒಂದು ಸಂಸಾರಕ್ಕೆ ಎರಡು ತಿಂಗಳಾದರೂ ಬೇಕು. ಹಕ್ಕಿ ಬಿಡಿಸಲು ಒಂದು ಪೆನ್ಸಿಲು ಸಾಕು. ಆದರೂ ಬಿಡಿಸುವವರು ಕಡಿಮೆ, ಆ ಸಾಲನ್ನು ಓದುವವರೇ ಕಡಿಮೆ. ಡ್ರಾ ನಡೆಯಬೇಕಾದದ್ದು ನೋಟರಿಯ ಸಾಕ್ಷಿಯಲ್ಲಿ; ಮಾರ್ಚಿ ತಿಂಗಳಲ್ಲಿ ಯೆರ್ಬಾ ಕಂಪನಿಯ ಸಾಲ್ದಿವಾರ್ ತನ್ನ ವ್ಯಾನಿನಿಂದ ಹನ್ನೆರಡು ಮೂಟೆ ಲಕೋಟೆ ಅವರ ಕಚೇರಿಗೆ ಇಳಿಸಿದಾಗ ಹನ್ನೊಂದರಲ್ಲಿ ಪ್ಯಾಕೆಟ್ಟಿನ ಮುಖಗಳಿದ್ದವು, ಒಂದರಲ್ಲಿ ಮಾತ್ರ ಚಿತ್ರಗಳು. “ಈ ಮಕ್ಕಳಾಟಾನ ಒಂದೊಂದಾಗಿ ನೋಡ್ಬೇಕಲ್ವಾ ಸೆನ್ಯೋರಿತಾ, ನಿಯಮದ ಪ್ರಕಾರ ಇದೆಯಾ ಅಂತ?” ಎಂದು ಅವನು ಕೇಳಿದ್ದ. “ನಿಧಾನವಾಗಿ ನೋಡಿ. ಆತುರ ಏನಿಲ್ಲ.” ಸೆನ್ಯೋರಿತಾ ಎನ್ನುವಾಗ ಅವನ ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತಿತ್ತು. ನಲವತ್ತೊಂದಾದರೂ ಮದುವೆಯಾಗದವಳಿಗೆ ಆ ಪದವನ್ನು ಹೇಗೆ ಹೇಳಬೇಕೋ ಹಾಗೆ. ಆದರೆ ಅವಳನ್ನು ಐದು ತಿಂಗಳು ಕಾಡಿದ್ದು ಆ ಪದವಲ್ಲ. ಆತುರ ಏನಿಲ್ಲ ಎಂದನಲ್ಲ, ಅದು. ಅವನು ಸುಮ್ಮನೆ ಹಾಗೆಂದನೋ, ಏನನ್ನೋ ಬಯಸಿ ಅಂದನೋ? ಏನನ್ನೋ ಬಯಸಿದ್ದಾನೆ ಎಂದು ತನಗೆ ಆಗಲೇ ತಿಳಿದಿತ್ತೋ? ತಿಳಿದಿದ್ದರೆ ನಿಧಾನ ಮಾಡಿದ್ದು ಯಾರಿಗಾಗಿ?

ನಿಧಾನ ಮಾಡಿದ್ದಂತೂ ನಿಜ. ಸಂಜೆಶಾಲೆಯಲ್ಲಿ ಕಲಿತವರಿಗೆ ಒಂದು ಕಾಯಿಲೆ ಇರುತ್ತದೆ, ಬೇರೆಯವರು ಒಂದು ಸಲ ಓದುವುದನ್ನು ಅವರು ಮೂರು ಸಲ ಓದುತ್ತಾರೆ. ಅವಳು ಸ್ಕೇಲು ಹಿಡಿದು ಕೂತಿದ್ದಳು. ಬಣ್ಣ ಇದೆಯೇ? ಕೊಕ್ಕು ಎಡಕ್ಕಿದೆಯೇ? ಬರೀ ಪೆನ್ಸಿಲಿನ ಗೆರೆ ಬಣ್ಣವೆನಿಸುತ್ತದೆಯೇ? ನಲವತ್ತು ಲಕೋಟೆಗಳು ಒಂದೇ ಕೈಯವು: ಪೊಲೊನಿಯಾ ಬ್ರಿತೆಸ್, ನದಿದಂಡೆಯ ಕೇರಿ, ಮನೆ ನಂಬರು ಇಲ್ಲ. ಆ ಹಕ್ಕಿಗಳಿಗೆಲ್ಲ ಕೆಂಪು ಉಗುರುಬಣ್ಣದಲ್ಲಿ ಜುಟ್ಟು ಹಚ್ಚಿತ್ತು. ಒಣಗಿ ದಪ್ಪಗಾಗಿ ಬೆಳಕಿಗೆ ಹಿಡಿದರೆ ಹೊಳೆಯುವ ಜುಟ್ಟು. ಉಗುರುಬಣ್ಣ ಬಣ್ಣವೇ? ಅವಳು ನಿಯಮಗಳ ಹಾಳೆಯನ್ನು ಎರಡು ಸಲ ಓದಿದಳು. ಹಕ್ಕಿಯ ಕೆಳಗೆ ಇರಬೇಕಾದ ಅಕ್ಷರಗಳು ಯಾವುದರಲ್ಲೂ ಇರಲಿಲ್ಲ. ಲಕೋಟೆಯ ಮೇಲಿನ ವಿಳಾಸ ಬೇರೆ ಯಾರೋ ಬರೆದದ್ದು, ಬಿಡಿಸಿದವಳಿಗೆ ಅಕ್ಷರ ಬಾರದು. ಅಕ್ಷರವಿಲ್ಲದ ಮುಖ ಪ್ಯಾಕೆಟ್ಟಿನ ಮುಖವೇ? ನೋಟರಿಯನ್ನು ಕೇಳಬೇಕು ಎಂದು ಚೀಟಿ ಬರೆದು ಮೂಟೆಯ ಬಾಯಿಗೆ ಸಿಕ್ಕಿಸಿದಳು. ಅದು ಗುರುವಾರ. ಸೋಮವಾರ ಡ್ರಾ ಇತ್ತು. ಶುಕ್ರವಾರ ಬೆಳಿಗ್ಗೆ ಸಾಲ್ದಿವಾರ್ ಫೋನು ಮಾಡಿದ, ರೇಡಿಯೊದವರಿಗೆ ಇವತ್ತು ಮಧ್ಯಾಹ್ನವೇ ಸಮಯ ಸಿಕ್ಕಿದೆ, ಕ್ಲಬ್ಬಿನ ಹಾಲ್ ಕೂಡ ಖಾಲಿ ಇದೆ, ಇವತ್ತೇ ಮುಗಿಸೋಣ. ಹುಡುಗರು ಬಂದು ಹನ್ನೊಂದು ಮೂಟೆ ಎತ್ತಿಕೊಂಡು ಹೋದರು. ಹನ್ನೆರಡನೆಯದು ದಸ್ತಾವೇಜಿನ ಕೋಣೆಯಲ್ಲಿ, ಬಟ್ಟೆ ಬೈಂಡಿನ ಹಳೆಯ ಸಂಪುಟಗಳ ಹಿಂದೆ, ಅವಳ ಚೀಟಿಯನ್ನು ಕಚ್ಚಿಕೊಂಡು ಕೂತಿತ್ತು. ನೋಟರಿ ಒತ್ತಿಲಿಯಾ ಬೆರ್ಗಾರಾ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಾಗಿಲಲ್ಲಿ ನಿಂತು “ಎಲ್ಲಾ ಸಿದ್ಧಾನಾ ಡೆಲ್ಮಿರಾ?” ಎಂದರು.

“ಎಲ್ಲಾ ಸಿದ್ಧ, ನೋಟರಿಯವರೇ,” ಎಂದಳು ಡೆಲ್ಮಿರಾ.

ಆ ಮಾತನ್ನು ಯಾರೂ ಅವಳ ಬಾಯಿಂದ ಆಡಿಸಲಿಲ್ಲ. ಕೇಳಬೇಕಾದದ್ದನ್ನು ಕೇಳಿದರೆ ನೋಟರಿಯವರು ಕೋಟು ಬಿಚ್ಚಬೇಕಾಗುತ್ತಿತ್ತು, ರೇಡಿಯೊದವರು ಕಾಯಬೇಕಾಗುತ್ತಿತ್ತು, ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಸಾಲ್ದಿವಾರ್ ಬಾಯಿ ಸೊಟ್ಟ ಮಾಡಿ ನೋಡುತ್ತಿದ್ದ. ಆ ಒಂದು ನೋಟಕ್ಕೆ ಹೆದರಿ ಅವಳು ಹಾಗೆಂದಳು. ಇನ್ನೂ ಒಂದಿತ್ತು. ಆ ಕಚೇರಿಯಲ್ಲಿ, ಊರಿನ ಎಲ್ಲ ಕಚೇರಿಗಳಲ್ಲೂ, ದಾಖಲೆಯನ್ನು ಮುಂಚೆಯೇ ಟೈಪು ಮಾಡಿಡುವುದು ವಾಡಿಕೆ. ದಿನಾಂಕಕ್ಕೆ, ಗಂಟೆಗೆ, ಗೆದ್ದವರ ಹೆಸರಿಗೆ ಮಾತ್ರ ಜಾಗ ಬಿಟ್ಟಿರುತ್ತಾರೆ. ನಡೆಯುವುದು ನಡೆಯುವುದಕ್ಕೆ ಮೊದಲೇ ನಡೆದುಹೋಗಿರುತ್ತದೆ. ‘ಬಂದ ಲಕೋಟೆಗಳೆಲ್ಲವೂ ನನ್ನ ಕಣ್ಣೆದುರಿಗೆ ಡ್ರಮ್ಮಿಗೆ ಸುರಿಯಲ್ಪಟ್ಟವು, ಇದಕ್ಕೆ ನನ್ನ ಮಾತೇ ಪ್ರಮಾಣ.’ ಅದನ್ನು ಡ್ರಾ ಸೋಮವಾರ ಎಂದಿದ್ದಾಗಲೇ ಟೈಪು ಮಾಡಿದ್ದಳು. ಕ್ಲಬ್ಬಿನ ಹಾಲಿನಲ್ಲಿ ಡ್ರಮ್ಮು ತಿರುಗುವಾಗ ಒಳಗಿನ ಲಕೋಟೆಗಳು ಒಣ ಎಲೆಗಳ ಹಾಗೆ ಸರಸರ ಎಂದವು. ನೋಟರಿ ಖಾಲಿ ಜಾಗ ತುಂಬಿ ಸಹಿ ಮಾಡಿದರು. ದೂರದ ಯಾವುದೋ ಊರಿನವರಿಗೆ ಸಾಮಾನು ಸಮೇತ ಹೊಸ ಮನೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು, ಡೆಲ್ಮಿರಾಳೂ ತಟ್ಟಿದಳು.

ಸೋಮವಾರ ಹೇಳುತ್ತೇನೆ ಎಂದುಕೊಂಡಿದ್ದಳು. ಆಮೇಲೆ ಈಸ್ಟರ್ ಬಂತು. ಆಮೇಲೆ ನದಿ ಏರಿ ದಂಡೆಯ ಕೇರಿಯವರನ್ನೆಲ್ಲ ರೈಲ್ವೆ ಷೆಡ್ಡಿಗೆ ಸಾಗಿಸಿದರು. ಸುದ್ದಿಪತ್ರಿಕೆಯ ಚಿತ್ರದಲ್ಲಿ ಹಾಸಿಗೆಗಳ ನಡುವೆ ಕೂತ ಮುದುಕಿಯರಲ್ಲಿ ಅವಳು ಒಬ್ಬಳನ್ನು ಹುಡುಕಿದಳು. ಯಾರನ್ನು ಹುಡುಕುತ್ತಿದ್ದೇನೆ ಎಂದು ಗೊತ್ತಿದ್ದೂ, ಮುಖ ಗೊತ್ತಿರಲಿಲ್ಲ.

ನೋಟೀಸಿನ ಗುರುವಾರ ಎಂಟೂವರೆಗೆ ನೋಟರಿಯ ಕಚೇರಿಯ ಬಾಗಿಲು ತಳ್ಳಿದಾಗ ಸಾಲ್ದಿವಾರ್ ಒಳಗೆ ಕೂತಿದ್ದ. ನೋಟರಿಯವರು ಮಾಟೆ ಹೊಯ್ದು ಅವನಿಗೆ ಚಾಚುತ್ತಿದ್ದರು, ಅವನು ಲೋಹದ ಕೊಳವೆಯಲ್ಲಿ ಚೀಪಿ ಬುರುಬುರು ಸದ್ದು ಮಾಡಿ ಹಿಂದಿರುಗಿಸುತ್ತಿದ್ದ. ಕಾಲ ಬಳಿ ಜರಿ ಕಾಗದ ಸುತ್ತಿದ ಬುಟ್ಟಿ. ಡೆಲ್ಮಿರಾ ಕೈಚೀಲವನ್ನು ಮೈಗೆ ಒತ್ತಿಕೊಂಡಳು.

“ಮುಖ ಯಾಕೆ ಹಾಗಿದೆ? ನಿದ್ದೆ ಬರ್ಲಿಲ್ವಾ?” ಎಂದರು ನೋಟರಿ.

“ಬಂತು, ನೋಟರಿಯವರೇ.”

“ಪಾಪ, ಹೆದರಿದಾರೆ,” ಎಂದ ಸಾಲ್ದಿವಾರ್. “ಹೆದರೋಕೇನಿದೆ ಸೆನ್ಯೋರಿತಾ? ಮುದುಕಿ ಹೇಳೋದಿಷ್ಟೇ, ಅಕ್ಷರ ಸಣ್ಣದಾಯ್ತು, ಕೊಳ್ಳದೆ ಆಗೋಲ್ಲ ಅಂತ ಅಂಗಡಿಯವನು ಅಂದ, ಓದಿಸ್ಕೊಳ್ಳೋಕೆ ಟೀಚರ ಹತ್ರ ಹೋಗ್ಬೇಕಾಯ್ತು ಅಂತ. ಮುಂದಿನ ಸಲ ದೊಡ್ಡಕ್ಷರ ಹಾಕ್ತೀವಿ ಅಂತ ಒಪ್ಕೊಂಡ್ರಾಯ್ತು. ಬುಟ್ಟೀಲಿ ಯೆರ್ಬಾ ಇದೆ, ಬಿಸ್ಕತ್ತಿದೆ, ಟೋಪಿನೂ ಇದೆ. ಹತ್ತೂವರೆಗೆ ಎಲ್ಲಾ ಮನೆಗೆ.”

“ಚಿತ್ರಗಳ ಬಗ್ಗೆ ಕೇಳ್ತಾರಂತೆ,” ಎಂದಳು ಡೆಲ್ಮಿರಾ. ತನ್ನ ದನಿ ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳಿಸಿತು.

ನೋಟರಿಯವರು ಮಾಟೆಗೆ ನೀರು ಹೊಯ್ಯುತ್ತಿದ್ದರು. ನೀರಿನ ಎಳೆ ಸ್ವಲ್ಪವೂ ಅಲುಗಲಿಲ್ಲ. “ದಾಖಲೇಲಿ ಏನಿದೆಯೋ ಅದನ್ನ ಹೇಳು. ದಾಖಲೇಲಿ ಇರೋದೇ ನಡೆದಿದ್ದು,” ಎಂದರು. ಬಳಿಕ ಮಾಟೆಯನ್ನು ಅವಳಿಗೆ ಚಾಚಿದರು. ಇಪ್ಪತ್ತೈದನೇ ವಯಸ್ಸಿಗೆ ಇದೇ ಕೋಣೆಯ ನೆಲ ಒರೆಸಲು ಬಂದವಳು ಅವಳು. ಒರೆಸುತ್ತ ಒರೆಸುತ್ತ ಮೇಜಿನ ಮೇಲಿನ ಕಾಗದ ಓದುತ್ತಿದ್ದಾಗ ಸಿಕ್ಕಿಬಿದ್ದಿದ್ದಳು. ಬಯ್ಯುತ್ತಾರೆ ಎಂದುಕೊಂಡರೆ, ಸಂಜೆ ಆರಕ್ಕೆ ಶಾಲೆಗೆ ಹೋಗು, ನೆಲ ನಾಳೆ ಒರೆಸಿದರಾಯಿತು ಎಂದಿದ್ದರು ಇವರೇ. ಟೈಪು ಕಲಿಸಿದ್ದು ಇವರು. ಕಂಡದ್ದನ್ನು ಮಾತ್ರ ಬರಿ, ಕಾಣದ್ದು ಕಂಡೆ ಅಂತ ಬರೆದರೆ ನನ್ನ ಹೆಸರು ಹೋಯಿತು ಎಂದು ಮೊದಲ ವಾರವೇ ಹೇಳಿದ್ದೂ ಇವರು. ಹಾಗಾದರೆ ಈಗ ಹೇಳಿದ್ದರ ಅರ್ಥವೇನು? ದಾಖಲೆಯ ಮೇಲೆ ನಂಬಿಕೆಯಿಟ್ಟು ಹೇಳಿದರೋ, ಮೂಟೆಯ ವಿಷಯ ತಿಳಿದೇ ಹೇಳಿದರೋ? ಅವಳು ನೋಟರಿಯ ಮುಖ ನೋಡಿದಳು. ಆ ಮುಖ ನಲವತ್ತು ವರ್ಷ ಊರಿನ ಉಯಿಲುಗಳನ್ನು ಗಟ್ಟಿಯಾಗಿ ಓದಿ ಓದಿ ಏನನ್ನೂ ತೋರಿಸದ ಹಾಗೆ ಆಗಿತ್ತು. ಮಾಟೆ ಹದವಾಗಿತ್ತು, ಸ್ವಲ್ಪವೂ ಕಹಿಯಿರಲಿಲ್ಲ. ಕುಡಿದು ಮುಗಿಸಿ ಸಾಕು ಎಂದಳು. ಒಂದೇ ಸಲಕ್ಕೆ ಸಾಕೆಂದವಳನ್ನು ಇಬ್ಬರೂ ನೋಡಿದರು.

ನೋಟರಿಯವರು ಕಚೇರಿಯಲ್ಲೇ ಉಳಿದರು. ಹೊರಡುವಾಗ ದಸ್ತಾವೇಜಿನ ಕೋಣೆಯ ಬಾಗಿಲು ದಾಟಬೇಕಿತ್ತು. ನಿನ್ನೆ ಸಂಜೆ ಎಲ್ಲರೂ ಹೋದಮೇಲೆ ಅವಳು ಆ ಬೀಗ ತೆರೆದು, ಸಂಪುಟಗಳನ್ನು ಸರಿಸಿ, ಐದು ತಿಂಗಳ ಬಳಿಕ ಮೂಟೆಯ ಬಾಯಿ ಬಿಚ್ಚಿದ್ದಳು. ಪೊಲೊನಿಯಾಳ ನಲವತ್ತೂ ಅಲ್ಲೇ ಇದ್ದವು. ಒಂದನ್ನು ತೆಗೆದುಕೊಂಡಳು. ಪುರಾವೆಗೆಂದು ಅಲ್ಲ, ಹಾಗೆ ಹೇಳಿಕೊಳ್ಳಲು ಅವಳಿಗೇ ನಾಚಿಕೆ. ಮನೆಗೆ ಒಯ್ದು, ಸ್ಕೇಲು ಹಿಡಿದು, ನಿಯಮಕ್ಕೆ ಸರಿಯಾಗಿ ಇದೆಯೇ ಎಂದು ಮತ್ತೊಮ್ಮೆ ನೋಡಬೇಕಿತ್ತು. ಸರಿಯಾಗಿಲ್ಲದಿದ್ದರೆ ಆ ಹಕ್ಕಿ ಹೇಗೂ ಡ್ರಮ್ಮಿಗೆ ಬೀಳುತ್ತಿರಲಿಲ್ಲ, ಆಗ ತನ್ನದು ತಪ್ಪೇ ಅಲ್ಲ. ಅಡುಗೆಮನೆಯ ಮೇಜಿನ ಮೇಲೆ ಬಿಡಿಸಿಟ್ಟಳು. ಹಕ್ಕಿ ಪ್ಯಾಕೆಟ್ಟಿನದರ ಹಾಗೆ ಸುಮ್ಮನೆ ಕೂತಿರಲಿಲ್ಲ. ಕುತ್ತಿಗೆ ತಿರುಗಿಸಿ, ಕೊಕ್ಕು ತೆರೆದು, ಯಾರನ್ನೋ ಕೂಗಿ ಉತ್ತರಕ್ಕೆ ಕಾಯುವ ಹಾಗಿತ್ತು. ನಿಯಮದಲ್ಲಿ ಅದಕ್ಕೆ ಯಾವ ಮಾತೂ ಇರಲಿಲ್ಲ.

ಗ್ರಾಹಕ ರಕ್ಷಣಾ ಕಚೇರಿಯ ಕೋಣೆ ಚಿಕ್ಕದು, ಒಂದು ಗ್ಯಾಸ್ ಹೀಟರು, ಒಂದು ಉದ್ದ ಮೇಜು. ಅಧಿಕಾರಿ ಲಿಸಾಂದ್ರೊ ಮೊರೇಯ್ರನಿಗೆ ನೆಗಡಿ. ಪ್ರತಿ ವಾಕ್ಯದ ಕೊನೆಗೆ ಕರವಸ್ತ್ರ ತೆಗೆಯುತ್ತಿದ್ದ. ಇಷ್ಟು ಎಳೆಯ, ಇಷ್ಟು ಸಾಧಾರಣ ಮನುಷ್ಯನಿಗೆ ಹೆದರಿ ರಾತ್ರಿಯೆಲ್ಲ ಹೊರಳಿದೆನೇ ಎಂದುಕೊಳ್ಳುವಷ್ಟರಲ್ಲಿ ಡೆಲ್ಮಿರಾಗೆ ತಾನು ಹೆದರಿದ್ದು ಅವನಿಗಲ್ಲ ಎಂದು ಗೊತ್ತಾಯಿತು. ಮೇಜಿನ ಆಚೆ ಪೊಲೊನಿಯಾ ಬ್ರಿತೆಸ್ ಕೂತಿದ್ದಳು. ಗಂಡಸರ ದೊಡ್ಡ ಜಾಕೆಟ್ಟು, ತೊಳೆದು ಒರೆಸಿದ ರಬ್ಬರ್ ಬೂಟು. ಮಂಡಿಯ ಮೇಲಿಟ್ಟ ಕೈಗಳು ಜೀವಮಾನವಿಡೀ ಕಿತ್ತಳೆ ವಿಂಗಡಿಸಿದವರ ಕೈಗಳು, ಬೆರಳ ತುದಿ ನಯವಾಗಿ ಸವೆದಿತ್ತು. ಉಗುರಿಗೆ ಬಣ್ಣ ಇರಲಿಲ್ಲ.

ಸಾಲ್ದಿವಾರ್ ಬುಟ್ಟಿಯನ್ನು ಅವಳ ಮುಂದೆ ತಳ್ಳಿದ. “ದೊನ್ಯಾ ಪೊಲೊನಿಯಾ, ಕಂಪನಿ ಕಡೆಯಿಂದ. ಪ್ರೀತಿಯಿಂದ.”

“ನನ್ನ ಮನೇಲಿ ಯೆರ್ಬಾ ಇದೆ ಕಣಪ್ಪ,” ಎಂದಳು ಪೊಲೊನಿಯಾ. “ಟೋಪಿ ಹಾಕ್ಕೊಂಡು ಎಲ್ಲಿಗ್ ಹೋಗ್ಲಿ, ನಾಟಕಕ್ಕಾ?”

ಮೊರೇಯ್ರ ಕೆಮ್ಮಿದ. ನಗು ತಡೆದುಕೊಂಡನೋ ನೆಗಡಿಯೋ ತಿಳಿಯಲಿಲ್ಲ. ದೂರು ಓದಿದ: ಉಚಿತವಾಗಿ ಸೇರುವ ದಾರಿಯನ್ನು ಓದಲಾಗದಷ್ಟು ಸಣ್ಣ ಅಕ್ಷರಗಳಲ್ಲಿ ಮುದ್ರಿಸಿ ಗ್ರಾಹಕರನ್ನು ತಪ್ಪುದಾರಿಗೆ ಎಳೆದದ್ದು. ಕಂಪನಿ ಅಕ್ಷರ ದೊಡ್ಡದು ಮಾಡಲು ಒಪ್ಪಿದೆ. ದೂರುದಾರರಿಗೆ ಇನ್ನೇನಾದರೂ?

“ಇದೆ ಸಾಹೇಬ್ರೇ,” ಎಂದಳು ಪೊಲೊನಿಯಾ. “ಅಕ್ಷರದ ಮಾತು ಟೀಚರಮ್ಮ ಬರ್ಸಿದ್ದು. ನಂಗೆ ಅಕ್ಷರ ದೊಡ್ಡದಾದ್ರೂ ಒಂದೇ, ಚಿಕ್ಕದಾದ್ರೂ ಒಂದೇ. ಮನೆ ನಂಗೇ ಬರ್ಬೇಕಿತ್ತು ಅಂತಾನೂ ಹೇಳ್ತಿಲ್ಲ. ನೀರು ಬಂದಾಗಲೆಲ್ಲ ಷೆಡ್ಡಿಗೆ ಹೋಗಿ ಹೋಗಿ ಸಾಕಾಗಿದೆ ನಿಜ, ಆದ್ರೆ ಸಾಕಾದೋರು ನಮ್ಮ ಕೇರೀಲಿ ನಾನೊಬ್ಳೇ ಅಲ್ಲ. ನಂಗೆ ಗೊತ್ತಾಗ್ಬೇಕಿರೋದು ಒಂದೇ. ನನ್ನ ಹಕ್ಕಿಗಳು ಆ ಡ್ರಮ್ಮಿನೊಳಗೆ ಇದ್ವಾ, ಇಲ್ವಾ?”

ಹೀಟರಿನ ನೀಲಿ ಉರಿ ಸಣ್ಣಗೆ ಸುಯ್ಯೆನ್ನುತ್ತಿತ್ತು. ಮೊರೇಯ್ರ ಡೆಲ್ಮಿರಾಳ ಕಡೆ ತಿರುಗಿದ. “ಸೆನ್ಯೋರಿತಾ ಆಯಾಲಾ, ಲಕೋಟೆಗಳು ನಿಮ್ಮ ಸುಪರ್ದಿಲಿ ಇದ್ವಲ್ಲ. ಎಲ್ಲಾ ಒಳಗೆ ಹೋದ್ವಾ?” ಅವನು ಹೇಳುವಾಗ ಆ ಪದದಲ್ಲಿ ಸೊಟ್ಟವಿರಲಿಲ್ಲ. ಅವಳಿಗೆ ಸಂಜೆಶಾಲೆಯ ಮೊದಲ ದಿನ ನೆನಪಾಯಿತು. ಹೆಸರು ಕರೆದಾಗ ಎದ್ದು ನಿಂತು, ನಿಲ್ಲಬೇಕಾಗಿಲ್ಲ ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿ, ಇಡೀ ತರಗತಿ ನಕ್ಕಿತ್ತು. ಈಗಲೂ ಎದ್ದು ನಿಂತಿದ್ದಾಳೆಯೇ? ಇಲ್ಲ, ಕೂತೇ ಇದ್ದಳು. ಕೈಚೀಲ ಮಡಿಲಲ್ಲಿತ್ತು. ನೋಟರಿಯವರ ನಲವತ್ತು ವರ್ಷ, ಕೋಟಿನ ಗುಂಡಿಗಳು, ಅಲುಗದ ನೀರಿನ ಎಳೆ. ನಿಜ ಹೇಳಿದರೆ ಅವರ ಮುದ್ರೆ ಕಿತ್ತುಕೊಳ್ಳುತ್ತಾರೆ, ತನ್ನ ಮೇಲೆ ಕೇಸು ಹಾಕುತ್ತಾರೆ, ನಾಳೆಯಿಂದ ಎಲ್ಲಿಗೆ ಹೋಗುವುದು? ಮತ್ತೆ ಯಾರ ಮನೆಯ ನೆಲ? ಸುಳ್ಳು ಹೇಳಬೇಕಾಗಿಯೂ ಇಲ್ಲ. ದಾಖಲೆಯಲ್ಲಿ ಇದ್ದದ್ದನ್ನು ಹೇಳಿದರೆ ಸಾಕು, ದಾಖಲೆಯಲ್ಲಿ ಇರುವುದಂತೂ ನಿಜ.

“ಬಂದ ಲಕೋಟೆಗಳೆಲ್ಲವೂ ಡ್ರಮ್ಮಿಗೆ ಸುರಿಯಲ್ಪಟ್ಟವು ಅಂತ ದಾಖಲೇಲಿದೆ,” ಎಂದಳು.

ಸಾಲ್ದಿವಾರ್ ಕುರ್ಚಿಗೆ ಒರಗಿದ. ಮೊರೇಯ್ರ ಬರೆದುಕೊಂಡ. ಪೊಲೊನಿಯಾಳ ಮುಖ ಸಡಿಲವಾಯಿತು. ಹೊತ್ತ ಬುಟ್ಟಿಯನ್ನು ಯಾರೋ ತಲೆಯಿಂದ ಇಳಿಸಿಕೊಟ್ಟ ಹಾಗೆ ಭುಜ ಕೆಳಗಿಳಿಯಿತು.

“ಹಾಗಿದ್ರೆ ಅದೃಷ್ಟ,” ಎಂದಳು. “ಅದೃಷ್ಟ ಇಲ್ಲ ಅಂದ್ರೆ ತಡ್ಕೋತೀನಿ. ಅದು ನಂಗೆ ಅಭ್ಯಾಸ. ಎಲ್ಲಾ ಸೇರಿ ನಮ್ಮನ್ನ ಎಣಿಸ್ಲೇ ಇಲ್ವೇನೋ ಅಂತ ಒಂದು ಚುಚ್ಚು ಇತ್ತು ನೋಡಿ, ಅದು ಹೋಯ್ತು.” ಮೇಜಿನ ಮೇಲಿಂದ ಬಾಗಿ, ನಯವಾಗಿ ಸವೆದ ಆ ಕೈಯಿಂದ ಡೆಲ್ಮಿರಾಳ ಕೈ ಹಿಡಿದಳು. “ನೀವು ಹೇಳಿದ್ದಕ್ಕೆ ದೊಡ್ಡ ಉಪಕಾರ ಆಯ್ತು ಮಗಳೇ. ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ.”

ಕೈ ಬೆಚ್ಚಗಿತ್ತು. ಇದಕ್ಕೆ ಅವಳು ಸಿದ್ಧಳಾಗಿರಲಿಲ್ಲ. ಕೂಗಾಟಕ್ಕೆ, ಅನುಮಾನಕ್ಕೆ, ಮತ್ತೆ ಮತ್ತೆ ಕೇಳುವ ಪ್ರಶ್ನೆಗೆ ಸಿದ್ಧಳಾಗಿದ್ದಳು. ಅವಕ್ಕೆಲ್ಲ ದಾಖಲೆಯಲ್ಲಿ ಉತ್ತರವಿತ್ತು. ಮೊರೇಯ್ರ ಹಾಳೆಯನ್ನು ಅವಳ ಮುಂದೆ ಸರಿಸಿ ಪೆನ್ನು ಕೊಟ್ಟ. ‘ಓದಿ ಸರಿಯಿದೆಯೆಂದು ಒಪ್ಪಿದ್ದೇನೆ’ ಎಂಬ ಸಾಲಿನ ಕೆಳಗೆ ಸಹಿಗೆ ಜಾಗವಿತ್ತು. ಪೆನ್ನಿನ ತುದಿ ಹಾಳೆಗೆ ತಾಗಿ ಒಂದು ಚುಕ್ಕೆಯಾಯಿತು. ಚುಕ್ಕೆ ಶಾಯಿ ಹೀರಿಕೊಂಡು ದೊಡ್ಡದಾಗುತ್ತಿರುವುದನ್ನು ಅವಳು ನೋಡುತ್ತ ಕೂತಳು. ಈ ಸಹಿ ಮಾಡಿದರೆ ಇನ್ನು ಬದುಕಿನುದ್ದಕ್ಕೂ, ಪೇಟೆಯಲ್ಲಿ, ಪ್ರಾರ್ಥನೆಯಲ್ಲಿ, ನದಿ ಏರಿದ ದಿನ ರೈಲ್ವೆ ಷೆಡ್ಡಿನಲ್ಲಿ, ಈ ಹೆಂಗಸು ತನ್ನನ್ನು ಕಂಡರೆ ನಗುತ್ತಾಳೆ. ಎಲ್ಲ ಭಯಗಳಿಗಿಂತ ಆ ನಗುವಿನ ಭಯ ದೊಡ್ಡದಾಗಿ ಬಂತು. ಧೈರ್ಯ ಎಂದು ಇದನ್ನು ಕರೆಯಲು ಅವಳು ಇವತ್ತಿಗೂ ಒಪ್ಪುವುದಿಲ್ಲ. ಪೆನ್ನು ಕೆಳಗಿಟ್ಟಳು, ಕೈಚೀಲ ತೆರೆದಳು, ನಾಲ್ಕು ಮಡಿಕೆ ಬಿಚ್ಚಿ ಕಾಗದವನ್ನು ಮೇಜಿನ ಮೇಲೆ ಇಟ್ಟಳು.

“ಇದು ಡ್ರಮ್ಮಿನಲ್ಲಿ ಇರ್ಲಿಲ್ಲ,” ಎಂದಳು. “ಯಾವ ಚಿತ್ರಾನೂ ಇರ್ಲಿಲ್ಲ. ಒಂದು ಮೂಟೆ ನಮ್ಮ ಕಚೇರೀಲೇ ಉಳ್ಕೊಂಡಿದೆ. ಉಳಿಸಿದ್ದು ನಾನು.”

ಪೊಲೊನಿಯಾ ಕಾಗದವನ್ನು ತನ್ನ ಕಡೆಗೆ ತಿರುಗಿಸಿ, ಬೆರಳಿನಿಂದ ಕೆಂಪು ಜುಟ್ಟನ್ನು ಮುಟ್ಟಿದಳು. “ಇದು ಕಡೇ ಕಡೇದು,” ಎಂದಳು ನಿಧಾನವಾಗಿ. “ಮೊಮ್ಮಗಳ ಸೀಸೆ ಮುಗೀತಾ ಬಂದಿತ್ತು. ಕಡ್ಡೀಲಿ ಕೆರೆದು ಹಚ್ಚಿದ್ದು. ಬೈದ್ಲು ಅವಳು.” ಆಮೇಲೆ ತಲೆಯೆತ್ತಿ ಡೆಲ್ಮಿರಾಳನ್ನು ನೋಡಿದಳು. ಸಿಟ್ಟಿರಲಿಲ್ಲ. ಇಳಿದಿದ್ದ ಭುಜ ಮತ್ತೆ ಮೊದಲಿನ ಜಾಗಕ್ಕೆ ಹೋಗಿತ್ತು. “ಉಳಿದವು?”

“ಅಲ್ಲೇ ಇವೆ. ತೋರಿಸ್ತೀನಿ.”

“ಸೆನ್ಯೋರಿತಾಗೆ ಹುಷಾರಿಲ್ಲ ಅಂತ ಕಾಣುತ್ತೆ,” ಎಂದ ಸಾಲ್ದಿವಾರ್. ಬಾಯಿ ಸೊಟ್ಟವಾಗಲು ಮರೆತಿತ್ತು. ಮೊರೇಯ್ರ ಕರವಸ್ತ್ರ ಜೇಬಿಗಿಟ್ಟು ಎದ್ದು, ಫೈಲು ಎತ್ತಿಕೊಂಡು, “ನಡೀರಿ, ಈಗಲೇ ನೋಡಿಬಿಡೋಣ,” ಎಂದ.

ಮೂರು ಬೀದಿ ನಡೆಯಬೇಕಿತ್ತು. ಮುಂದೆ ಮೊರೇಯ್ರ, ಹಿಂದೆ ಬೂಟಿನ ಸದ್ದು ಮಾಡುತ್ತ ಪೊಲೊನಿಯಾ, ನಡುವೆ ಡೆಲ್ಮಿರಾ. ಸಾಲ್ದಿವಾರ್ ಫೋನು ಮಾಡಿಬರುತ್ತೇನೆ ಎಂದು ಪುರಸಭೆಯಲ್ಲೇ ಉಳಿದ. ಅವಳ ಮೈ ಹಗುರವಾಗಿತ್ತು, ಜ್ವರ ಇಳಿದ ಮೇಲಿನ ಹಗುರ. ಹೇಳಿಯಾಯಿತು, ಇನ್ನೇನಿದೆ, ಬೀಗ ತೆರೆದರೆ ಆಯಿತು. ಕಿತ್ತಳೆ ಲಾರಿಯೊಂದು ದಾಟಿಹೋಗುವವರೆಗೆ ಮೂಲೆಯಲ್ಲಿ ನಿಂತರು. ಆ ನಿಂತ ಹೊತ್ತಿನಲ್ಲಿ, ಯಾವ ಕಾರಣವೂ ಇಲ್ಲದೆ, ಬೆಳಿಗ್ಗೆ ನೋಟರಿ ಹೊಯ್ದ ನೀರಿನ ಅಲುಗದ ಎಳೆ ಕಣ್ಣ ಮುಂದೆ ಬಂತು. ಅವಳು ಹೆಜ್ಜೆ ಜೋರು ಮಾಡಿದಳು. ಕೋಣೆಯ ಬೀಗ ಹಾಕಿದ್ದ ಹಾಗೇ ಇತ್ತು. ತೆರೆದಳು. ಸಂಪುಟಗಳನ್ನು ಒಂದೊಂದಾಗಿ ಎತ್ತಿ ನೆಲದ ಮೇಲೆ ಇಟ್ಟಳು. ಹಿಂದೆ ಗೋಡೆ ಇತ್ತು. ಗೋಡೆಯ ಬುಡದಲ್ಲಿ, ಧೂಳಿನ ನಡುವೆ, ಮೂಟೆಯಷ್ಟೇ ಅಗಲದ ಒಂದು ಧೂಳಿಲ್ಲದ ಜಾಗ.

“ಏನು ಹುಡುಕ್ತಿದೀಯಾ ಡೆಲ್ಮಿರಾ?” ನೋಟರಿ ಬೆರ್ಗಾರಾ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಫ್ಲಾಸ್ಕು.

“ಮೂಟೆ, ನೋಟರಿಯವರೇ.”

“ಯಾವ ಮೂಟೆ?”

ದನಿ ಮೃದುವಾಗಿತ್ತು, ಕಾಯಿಲೆಯವರನ್ನು ಕೇಳುವ ಹಾಗೆ. ಮೊರೇಯ್ರ ಗೋಡೆಯ ಬುಡ ನೋಡಿದ, ನೋಟರಿಯವರನ್ನು ನೋಡಿದ, ಆಮೇಲೆ ಫೈಲಿನಲ್ಲಿದ್ದ ಒಂಟಿ ಹಕ್ಕಿಯನ್ನು ನೋಡಿದ. ಆ ಕಾಗದ ನಿನ್ನೆ ರಾತ್ರಿ ಎಲ್ಲಿತ್ತು, ಯಾರ ಮನೆಯಲ್ಲಿತ್ತು ಎಂದು ಅವನು ಇನ್ನು ಕೇಳಬೇಕಿತ್ತು. ಕೇಳುತ್ತಾನೆ ಎಂದು ಡೆಲ್ಮಿರಾಗೆ ಗೊತ್ತಾಯಿತು. ಉತ್ತರವೂ ಗೊತ್ತಿತ್ತು. ಆ ಉತ್ತರ ಎಷ್ಟು ಕೆಟ್ಟದಾಗಿ ಕೇಳಿಸುತ್ತದೆ ಎಂಬುದೂ ಗೊತ್ತಿತ್ತು. ಕಳ್ಳಿಯ ಕೈಯಲ್ಲಿ ಸಿಕ್ಕ ವಸ್ತುವಿನ ಹಾಗೆ ಅವಳ ಸತ್ಯ ಅವಳ ಚೀಲದಿಂದಲೇ ಹೊರಬಂದಿತ್ತು. ಪೊಲೊನಿಯಾ ಪಕ್ಕಕ್ಕೆ ಬಂದು ಆ ಧೂಳಿಲ್ಲದ ಜಾಗವನ್ನು ಬಗ್ಗಿ ನೋಡಿದಳು, ಪ್ರವಾಹ ಇಳಿದ ಮೇಲೆ ತನ್ನ ಮನೆಯ ನೆಲ ನೋಡುವವರ ಹಾಗೆ.

“ನಾನಂತೂ ನಂಬ್ತೀನಿ,” ಎಂದಳು, ಅವಳಿಗೆ ಮಾತ್ರ ಕೇಳುವಷ್ಟು ಸಣ್ಣಗೆ. “ಆದ್ರೆ ನಾನು ನಂಬಿ ಏನಾಗ್ಬೇಕು ಮಗಳೇ? ನನ್ನನ್ನೇ ಯಾರು ಎಣಿಸ್ತಾರೆ?”

ಆ ಕೋಣೆಗೆ ಇದ್ದ ಕೀಲಿಗಳು ಎರಡು, ಒಂದು ಡೆಲ್ಮಿರಾಳ ಜೇಬಿನಲ್ಲಿ, ಇನ್ನೊಂದು ನೋಟರಿಯವರ ಮೇಜಿನ ಡ್ರಾಯರಿನಲ್ಲಿ. ಎಂಟೂವರೆಗೆ ಸಾಲ್ದಿವಾರ್ ಬಂದಾಗಿತ್ತು. ಕಸ ಗುಡಿಸುವವಳು ಏಳಕ್ಕೇ ಬಂದು ಡ್ರಾಯರಿನ ಆ ಕೀಲಿಯಿಂದಲೇ ಕೋಣೆ ತೆರೆಯುತ್ತಾಳೆ, ಬೇಡದ್ದೆಂದು ಕಂಡರೆ ಕೇಳದೆ ಹೊರಗೆ ಎಸೆಯುವುದೂ ಉಂಟು. ಮೂಟೆಯನ್ನು ಯಾರು ತೆಗೆದರು, ಉಳಿದ ಮೂವತ್ತೊಂಬತ್ತು ಹಕ್ಕಿಗಳು ಎಲ್ಲಿಗೆ ಹೋದವು, ನೋಟರಿಯವರಿಗೆ ಮಾರ್ಚಿಯಲ್ಲೇ ತಿಳಿದಿತ್ತೋ ಆ ಬೆಳಿಗ್ಗೆ ತಿಳಿಯಿತೋ ಅಥವಾ ಎಂದೂ ತಿಳಿಯಲೇ ಇಲ್ಲವೋ, ನನಗೆ ಗೊತ್ತಿಲ್ಲ. ಡೆಲ್ಮಿರಾಗೂ ಗೊತ್ತಿಲ್ಲ.